ಸಾಲದ ಉಸಿರು

ಸಿಮೆಂಟ್ ಕಾಲೋನಿ, ಗುಲ್ಬರ್ಗಾ ಜಿಲ್ಲೆ
ಫೆಬ್ರವರಿ 4, 2001

ಪ್ರೀತಿಯ ರತ್ನಕ್ಕನಿಗೆ ನಿನ್ನ ಆದಿ ಮಾಡುವ ನಮಸ್ಕಾರಗಳು.

ನಿನ್ನೆ ಬಂದು ಸೇರಿದೆವು. ನಾನಿಲ್ಲದ ಇಷ್ಟು ತಿಂಗಳು ಇವರೊಬ್ಬರೇ ಇದ್ದ ಮನೆ. ಕಿಟಕಿಯ ಸರಳು, ದೇವರ ಪಟ, ಉಣ್ಣುವ ತಟ್ಟೆ, ಎಲ್ಲದರ ಮೇಲೂ ಬೂದು ಪುಡಿ. ಒರೆಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಕೂರುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಧೂಳಿನಲ್ಲೇ ಇದ್ದೇನೆ, ಕಣ್ಣಿಗೇ ಬೀಳುತ್ತಿರಲಿಲ್ಲ. ನಿನ್ನೆ ಬೆರಳಲ್ಲಿ ಒರೆಸಿ ನೋಡಿಕೊಂಡು, ಬೆಂಗಳೂರಿನ ಡಾಕ್ಟರು ಹೇಳಿದ್ದು ಸರಿ ಅನ್ನಿಸಿತು. "ಸಿಮೆಂಟ್ ಫ್ಯಾಕ್ಟರಿ ಪಕ್ಕಕ್ಕೆ ಈ ಮಗೂನ ಕರ್ಕೊಂಡು ಹೋದ್ರೆ ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡ್ದಂಗೆ ಕಣಮ್ಮ" ಎಂದರಲ್ಲ.

ಸೀಮಂತಕ್ಕೆಂದು ನಿನ್ನ ಮನೆಗೆ ಬಂದವಳು, ಸೀಮಂತವೂ ಆಗದೆ ಏಳನೇ ತಿಂಗಳಲ್ಲೇ ಹೆತ್ತೆ. ಅಂಗೈಯಷ್ಟು ಕೂಸು. ಅವಳನ್ನು ಉಳಿಸಿದ ಉಸಿರಿನ ಯಂತ್ರವೇ ಅವಳ ಎಳೆಯ ಶ್ವಾಸಕೋಶವನ್ನು ಗಾಯ ಮಾಡಿದೆ ಎಂದು ಹೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಮಗು ಬೆಳೆದ ಹಾಗೆ ಶ್ವಾಸಕೋಶವೂ ಬೆಳೆಯುತ್ತದೆ, ಒಳ್ಳೆಯ ಭಾಗ ಹೆಚ್ಚಾಗಿ ಗಾಯದ ಭಾಗ ಕಡಿಮೆಯಾಗುತ್ತದೆ, ಎರಡು ವರ್ಷ ಧೂಳು ಹೊಗೆ ಸೋಕದ ಹಾಗೆ ನೋಡಿಕೊಳ್ಳಿ ಎಂದರು. ಎರಡು ವರ್ಷ ಅಕ್ಕ, ಅಷ್ಟೇ. ಆಮೇಲೆ ನನ್ನ ಧನುಶ್ರೀಯನ್ನು ಕರೆದುಕೊಂಡು ಬರುತ್ತೇನೆ.

ಭಾವ ರೇಷ್ಮೆ ಹುಳುವಿನ ಮನೆಗೆ ಔಷಧಿ ಹೊಡೆಯುವ ದಿನ ಮಗುವನ್ನು ನೆರೆಯ ಕೊಂಡಮ್ಮನ ಮನೆಗೆ ಎತ್ತಿಕೊಂಡು ಹೋಗು. ಸೌದೆ ಒಲೆ ಹಚ್ಚಬೇಡ. ಅವಳ ಮೂಗಿನ ನಳಿಕೆ ಜಾರದಂತೆ ನೋಡಿಕೋ. ನಿನಗೆ ಇಷ್ಟೆಲ್ಲ ಅಪ್ಪಣೆ ಮಾಡಲು ನಾನ್ಯಾರು? ಆದರೂ ಬರೆಯುತ್ತಿದ್ದೇನೆ.

ನನ್ನ ಎದೆಯಲ್ಲಿ ಹಾಲು ನಿಂತಿಲ್ಲ. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲುತ್ತೇನೆ. ಇವರಿಗೆ ಹೇಳಿಲ್ಲ.

ನಿನ್ನ
ಆದಿಲಕ್ಷ್ಮಿ


ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು
ಏಪ್ರಿಲ್ 22, 2001

ಚಿ. ಸೌ. ಆದಿಗೆ ಅಕ್ಕ ಮುನಿರತ್ನ ಮಾಡುವ ಆಶೀರ್ವಾದ.

ಬರೆಯುವುದು ತಡವಾಯಿತು. ಮಡಿಲಲ್ಲಿ ಮಗು ಇದ್ದರೆ ಪೆನ್ನು ಹಿಡಿಯಲು ಕೈ ಎಲ್ಲಿದೆ?

ಹುಳುವಿನ ಮನೆಯ ಚಿಂತೆ ಬಿಡು. ನಿನ್ನ ಭಾವ ಹುಳುವಿನ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲ ಹೊತ್ತುಕೊಂಡು ಹೋಗಿ ತೋಟದಲ್ಲಿ ತಗಡಿನ ಶೆಡ್ ಹಾಕಿದರು. "ಬಿಸಿಲಿಗೆ ಹುಳ ಸಾಯ್ತವೆ ಕಣೇ" ಎಂದು ಗೊಣಗಿದರು. ಮೊದಲ ಬೆಳೆಯಲ್ಲಿ ಅರ್ಧಕ್ಕರ್ಧ ಸತ್ತೂ ಹೋದವು. ಆದರೂ ಸಂಜೆ ಸೋಪು ಹಾಕಿ ಕೈಕಾಲು ತೊಳೆದು, ಅಂಗಿ ಬದಲಿಸಿಕೊಂಡ ಮೇಲೆಯೇ ಮಗುವಿನ ಹತ್ತಿರ ಬರುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ.

ಆಮ್ಲಜನಕದ ಸಿಲಿಂಡರ್ ಖಾಲಿಯಾದರೆ ಸಾದಿಕ್ ಪಾಷಾ ತನ್ನ ವ್ಯಾನಿನಲ್ಲಿ ಒಯ್ದು ಚಿಕ್ಕಬಳ್ಳಾಪುರದಲ್ಲಿ ತುಂಬಿಸಿ ತರುತ್ತಾನೆ. ನಮ್ಮ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವವನು ಅವನೇ ಅಲ್ಲವೇ. ಗೂಡಿನ ಮೂಟೆಗಳ ನಡುವೆ ಅದನ್ನು ಮಲಗಿಸಿಕೊಂಡು, "ಇದೊಂದ್ ಲಾಟ್ ಮಾತ್ರ ಹರಾಜಿಗಿಲ್ಲ ಅಕ್ಕಾ" ಎಂದು ನಗಿಸುತ್ತಾನೆ.

ಹಾಲು ಕುಡಿಯುವಾಗ ಅವಳಿಗೆ ಉಸಿರು ಸಾಲುವುದಿಲ್ಲ. ಒಂದು ಗುಟುಕು ಕುಡಿದು ನಿಲ್ಲಿಸುತ್ತಾಳೆ, ದಣಿದ ಮುದುಕಿಯ ಹಾಗೆ ನನ್ನ ಮುಖ ನೋಡುತ್ತಾಳೆ, ಮತ್ತೆ ಒಂದು ಗುಟುಕು. ಅವಸರ ಮಾಡಿದರೆ ನೀಲಿಯಾಗುತ್ತಾಳೆ. ಅವಳು ಕುಡಿದು ಮುಗಿಸುವಷ್ಟರಲ್ಲಿ ನನ್ನ ಅನ್ನ ಆರಿ ಕಲ್ಲಾಗಿರುತ್ತದೆ. ಹಿಂದಿನ ವಾರ ನಕ್ಕಳು. ಸತ್ತುಹೋದ ನಮ್ಮಮ್ಮನ ನಗು.

ಮಕ್ಕಳಿಲ್ಲದವಳು ಎಂದು ಕರುಣೆ ತೋರಿಸುತ್ತಿದ್ದ ಹೆಂಗಸರೆಲ್ಲ ಈಗ ಮಗು ನೋಡುವ ನೆಪದಲ್ಲಿ ಬರುತ್ತಾರೆ. ಕೈ ತೊಳೆದು ಮುಟ್ಟಿ ಎಂದರೆ, "ಹೆತ್ತೋಳಿಗಿಲ್ದಿರೋ ಮಡಿ ಇವ್ಳಿಗೆ" ಎಂದು ಎದ್ದು ಹೋಗುತ್ತಾರೆ. ಹೋಗಲಿ.

ನಿನ್ನ ಅಕ್ಕ
ರತ್ನ


ಸಿಮೆಂಟ್ ಕಾಲೋನಿ
ನವೆಂಬರ್ 10, 2002

ಪ್ರೀತಿಯ ಅಕ್ಕನಿಗೆ,

ಧನುಗೆ ಎರಡು ವರ್ಷ ತುಂಬಿತು. ಇಲ್ಲಿ ಪಾಯಸ ಮಾಡಿ ನಾವಿಬ್ಬರೇ ತಿಂದೆವು. ಯುಗಾದಿಗೆ ಬಂದಾಗ ಅಂಬೆಗಾಲಿಡುತ್ತಿದ್ದಳು. ಈಗ ನಡೆಯುತ್ತಾಳಾ? ಮಾತು ಬಂತಾ? ನೀನು ಬರೆಯುವುದೇ ಕಡಿಮೆ. ಅಂಚೆ ಕಚೇರಿ ಎದುರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ "ಚೆನ್ನಾಗವ್ಳೆ, ಬಿಲ್ ಏರ್ತದೆ ಇಡು" ಎನ್ನುತ್ತೀಯ.

ಇವರು ಧೂಳು ಬೀಳದ ಕಡೆ ಕ್ವಾರ್ಟರ್ಸ್ ಕೇಳಿದ್ದಾರೆ, ಸಿಗುವ ಹಾಗಿದೆ. ಸಂಕ್ರಾಂತಿಗೆ ಬಂದು ಅವಳನ್ನು ಕರೆದುಕೊಂಡು ಬರೋಣ ಎಂದಿದ್ದೇವೆ. ರೈಲಿಗೆ ಟಿಕೆಟ್ ಮಾಡಿಸಿಯಾಯಿತು. ಅವಳ ಸಾಮಾನು ಏನೇನಿದೆ ಬರೆ, ಇಲ್ಲಿ ಜಾಗ ಮಾಡಿಡುತ್ತೇನೆ.

ನಿನ್ನ
ಆದಿ


ದಿಬ್ಬೂರಹಳ್ಳಿ
ಡಿಸೆಂಬರ್ 1, 2002

ಆದಿಗೆ ಅಕ್ಕನ ಆಶೀರ್ವಾದ.

ಸಂಕ್ರಾಂತಿಗೆ ಬೇಡ. ಮಳೆಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಳು. ನೀನು ಹೆದರುತ್ತೀಯ ಎಂದು ತಿಳಿಸಲಿಲ್ಲ. ಆಮೇಲೆ ತೀರಾ ಸೊರಗಿದ್ದಾಳೆ. ಇನ್ನೂ ಗೋಡೆ ಹಿಡಿದೇ ನಿಲ್ಲುತ್ತಾಳೆ, ಕೈ ಬಿಟ್ಟರೆ ಕುಸಿಯುತ್ತಾಳೆ. ನಡೆಯುವ ಮಾತೇ ಇಲ್ಲ. ಬಾಯಿಂದ ಒಂದು ಪದ ಬಂದಿಲ್ಲ. ರೈಲು, ಜನ, ಆ ಊರಿನ ಧೂಳು, ಎಲ್ಲ ಸೇರಿದರೆ ಏನಾದೀತೋ ನಾನು ಹೇಳಲಾರೆ. ಆಮೇಲೆ ನನ್ನನ್ನು ಕೇಳಬೇಡ.

ಇಲ್ಲಿ ಅವಳಿಗೆ ಆಗಿಬಂದಿದೆ. ಬೆಳಗಿನ ಹೊತ್ತು ಅಂಗಳದಲ್ಲಿ ಎಳೆಬಿಸಿಲಿಗೆ ಬಿಡುತ್ತೇನೆ. ಮೊನ್ನೆ ಕೊಂಡಮ್ಮನ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಬೇಲಿಯ ಹತ್ತಿರ ಬಿದ್ದು ಮೊಣಕಾಲು ತರಚಿಕೊಂಡಳು. ಅರಿಶಿನ ಹಚ್ಚಿದೆ.

ಇನ್ನೊಂದು ವರ್ಷ ಹೋಗಲಿ.

ರತ್ನ


ಸಿಮೆಂಟ್ ಕಾಲೋನಿ
ಜನವರಿ 3, 2003

ಪ್ರೀತಿಯ ಅಕ್ಕನಿಗೆ,

ನೀನು ಬೇಡ ಎಂದ ಮೇಲೆ ಮುಗಿಯಿತು. ಟಿಕೆಟ್ ರದ್ದು ಮಾಡಿಸಿದೆವು. ಮಗುವಿನ ಎದೆಗಿಂತ ನಮ್ಮ ಆಸೆ ದೊಡ್ಡದಲ್ಲ ಎಂದು ಇವರೂ ಅಂದರು. ಕೋಳಿ ಅಟ್ಟಿಸಿಕೊಂಡು ಹೋದದ್ದನ್ನು ಓದಿ ಇಬ್ಬರೂ ನಕ್ಕೆವು.

ನನಗೂ ಈಚೆಗೆ ಮೈ ಸರಿಯಿಲ್ಲ, ಪ್ರಯಾಣ ಮಾಡಬೇಡ ಎಂದಿದ್ದಾರೆ. ಗಾಬರಿಯಾಗುವಂಥದ್ದೇನಲ್ಲ. ಧನುಗೆ ಮುತ್ತು.

ನಿನ್ನ
ಆದಿ


ದಿಬ್ಬೂರಹಳ್ಳಿ
ಆಗಸ್ಟ್ 16, 2004

ಆದಿಲಕ್ಷ್ಮಿಗೆ,

ಆವಲಪ್ಪ ಮಾವ ಗಾಣಗಾಪುರಕ್ಕೆ ಹೋದವರು ದಾರಿಯಲ್ಲಿ ನಿಮ್ಮ ಮನೆಗೂ ಬಂದಿದ್ದರಂತೆ. ಊರಿಗೆ ಬಂದವರು ಸಂತೋಷದಿಂದ ನನಗೆ ಸುದ್ದಿ ಹೇಳಿದರು: "ಏನಮ್ಮಾ ರತ್ನ, ನಿನ್ ತಂಗಿ ಮಗ ಗುಂಡ್ಕಲ್ಲಂಗವ್ನೆ. ವರ್ಷ ತುಂಬ್ತಂತೆ. ನೀನ್ಯಾಕೆ ನಾಮಕರಣಕ್ಕೆ ಹೋಗ್ಲಿಲ್ಲ?" ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದೆ.

ಗಂಡು ಮಗು, ತುಂಬು ತಿಂಗಳದು. ದೇವರು ಚೆನ್ನಾಗಿಟ್ಟಿರಲಿ. ಇದನ್ನು ನಾನು ಮಾವನ ಬಾಯಲ್ಲಿ ಕೇಳಬೇಕಿತ್ತೇ?

ನೀನು ಕೇಳದಿದ್ದರೂ ಬರೆಯುತ್ತೇನೆ. ನಿನ್ನ ಮಗಳಿಗೆ ಮೂರು ವರ್ಷ ಕಳೆದ ಮೇಲೆ ಮಾತು ಬಂತು. ಮೊದಲ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ. "ವದ್ದು." ಕೊಂಡಮ್ಮನ ತೆಲುಗು. ಉಸಿರಿಗೆ ಔಷಧಿ ಕೊಡುವ ಪಂಪಿನ ಮುಖವಾಡ ಮುಖಕ್ಕೆ ಹಿಡಿದಾಗ ಬೇಡ ಎನ್ನಲು ಕಲಿತದ್ದು. ಅದನ್ನು ಕೇಳಿ ನಿನ್ನ ಭಾವ ಊರೆಲ್ಲ ಕಲ್ಲುಸಕ್ಕರೆ ಹಂಚಿದರು.

ಮುನಿರತ್ನ


ಸಿಮೆಂಟ್ ಕಾಲೋನಿ
ಸೆಪ್ಟೆಂಬರ್ 9, 2004

ಅಕ್ಕನಿಗೆ,

ಹೇಳಬೇಕೆಂದು ಎಷ್ಟು ಸಲ ಕಾಗದ ತೆಗೆದುಕೊಂಡು ಕೂತೆನೋ. ಮೊದಲನೆಯದು ಹಾಗಾಯಿತಲ್ಲ ಎಂಬ ಹೆದರಿಕೆ. ಏಳನೇ ತಿಂಗಳು ದಾಟುವವರೆಗೆ ಯಾರಿಗೂ ಹೇಳಬಾರದೆಂದು ಅತ್ತೆ ದೇವರ ಮುಂದೆ ಆಣೆ ಮಾಡಿಸಿಕೊಂಡರು. ಹುಟ್ಟಿದ ಮೇಲೂ ಅವರು ಬಿಡಲಿಲ್ಲ. "ಮಕ್ಕಳಿಲ್ದೋರ ಕಣ್ಣು ಒಳ್ಳೇದಲ್ಲ, ವರ್ಷ ತುಂಬ್ಲಿ" ಎಂದರು. ಅವರು ಹಳೆಯ ಕಾಲದವರು. ನಾನು ಹಾಗೆ ತಿಳಿದಿಲ್ಲ ಎಂದು ನಿನಗೆ ಗೊತ್ತು. ಆದರೆ ಬಾಯಿ ಮುಚ್ಚಿಕೊಂಡಿದ್ದು ನಿಜ.

ಮಗ ಚೆನ್ನಾಗಿದ್ದಾನೆ. ಅವನು ಮಲಗಿದಾಗ ಹೋಗಿ ಉಸಿರು ನೋಡುತ್ತೇನೆ. ಸದ್ದೇ ಇರುವುದಿಲ್ಲ. ಸದ್ದಿಲ್ಲದೆ ಉಸಿರಾಡುವ ಮಗುವನ್ನು ನಾನು ನೋಡಿರಲೇ ಇಲ್ಲ.

ಆದಿ


ದಿಬ್ಬೂರಹಳ್ಳಿ
ಆಗಸ್ಟ್ 6, 2006

ಆದಿಲಕ್ಷ್ಮಿಗೆ,

ಎರಡು ವರ್ಷ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಮಕ್ಕಳಿಲ್ಲದವಳ ಕಣ್ಣು ಕಾಗದದ ಮೇಲೂ ಬೀಳಬಾರದೆಂದು ಸುಮ್ಮನಿದ್ದೆ. ಈಗ ಕೆಲಸವಿದ್ದು ಬರೆಯುತ್ತಿದ್ದೇನೆ.

ಧನುಶ್ರೀಯನ್ನು ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದೆವು. ಓಡುತ್ತಾಳೆ, ಕುಣಿಯುತ್ತಾಳೆ, ಸ್ವಲ್ಪ ಹೊತ್ತಿಗೆ ಕೂತುಬಿಡುತ್ತಾಳೆ. ಪೆನ್ಸಿಲ್ ಹಿಡಿತಕ್ಕೆ ಬರುತ್ತಿಲ್ಲ. ಅ, ಆ ಇವತ್ತು ಬರೆದರೆ ನಾಳೆ ಮರೆಯುತ್ತಾಳೆ. "ಮಗು ಮಂಕಲ್ಲ ಕಣಮ್ಮ. ಇವ್ಳಿಗೆ ಬೇರೆ ಗಡಿಯಾರ, ಅಷ್ಟೇ" ಎಂದು ವೆಂಕಟರಾಯಪ್ಪ ಮೇಷ್ಟ್ರು ಹೇಳಿದರು. ಒಳ್ಳೆಯ ಮನುಷ್ಯ.

ಬೆಂಗಳೂರಿನ ಹಳೆಯ ಡಾಕ್ಟರಿಗೆ ತೋರಿಸಿದೆ. ಎದೆ ಬೆಳೆಯುತ್ತಿದೆ, ಇನ್ನು ಕೆಲವು ವರ್ಷ ಪಂಪು ಬಿಡಬೇಡಿ ಎಂದರು. ಇಷ್ಟು ಬೇಗ ಹುಟ್ಟಿ, ಇಷ್ಟು ಕಾಲ ಆಮ್ಲಜನಕದ ಮೇಲಿದ್ದ ಮಕ್ಕಳು ಕಲಿಯುವುದು ನಿಧಾನವಂತೆ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ತರಬೇತಿ ಇದೆಯಂತೆ. "ಹೆತ್ತೋರನ್ನ ಒಂದ್ಸಲ ಕರ್ಕೊಂಡು ಬನ್ನಿ, ಕೇಳೋದಿದೆ" ಎಂದರು. ಒಂದೇ ಸಲ ಬಂದು ಹೋಗು. ನಾನು ಇನ್ನೇನೂ ಕೇಳುವುದಿಲ್ಲ.

ಮುನಿರತ್ನ


ಗುಲ್ಬರ್ಗಾ
ಸೆಪ್ಟೆಂಬರ್ 3, 2006

ಅಕ್ಕನಿಗೆ,

ಇವರಿಗೆ ಕಾರ್ಖಾನೆಯಿಂದ ಗುಲ್ಬರ್ಗಾ ಊರಿನ ಕಚೇರಿಗೆ ವರ್ಗವಾಗಿದೆ. ಇಲ್ಲಿ ಸಿಮೆಂಟಿನ ಧೂಳಿಲ್ಲ. ಪಕ್ಕದ ಬೀದಿಯಲ್ಲೇ ಇಂಗ್ಲಿಷ್ ಮೀಡಿಯಂ ಸ್ಕೂಲು. ನಿನ್ನ ಕಾಗದ ಓದಿ ಇವರು, "ಓಡ್ತಾಳೆ, ಕುಣೀತಾಳೆ ಅಂತ ಅವ್ರೇ ಬರ್ದವ್ರೆ. ಇನ್ನೇನು ಕಾಯೋದು? ಹಳ್ಳಿ ಸ್ಕೂಲಲ್ಲಿ ಹಾಕಿದ್ರೆ ಮಂಕಾಗದೆ ಇನ್ನೇನಾಗ್ತಾಳೆ" ಎಂದರು. ದಸರಾ ರಜೆಗೆ ಬಂದು ಕರೆದುಕೊಂಡು ಬರುತ್ತೇವೆ. ಪರೀಕ್ಷೆ ಮಾಡಿಸುವುದಾದರೆ ಇಲ್ಲೇ ಮಾಡಿಸೋಣ.

ನೀನು ಸಾಕಿದ್ದನ್ನು ನಾವು ಮರೆಯುವುದಿಲ್ಲ.

ಆದಿ


ದಿಬ್ಬೂರಹಳ್ಳಿ
ಅಕ್ಟೋಬರ್ 15, 2006

ಆದಿಗೆ,

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಿಟಕಿಯಿಂದ ಕೈ ತೆಗೆಯಲಿಲ್ಲ. ನಿನ್ನ ಗಂಡ ಗಾಜು ಎಳೆದದ್ದನ್ನು ನೋಡಿದೆ. ಗಾಳಿ ಬಡಿಯದಿರಲಿ ಎಂದು ಎಳೆದರೆಂದೇ ತಿಳಿದುಕೊಂಡೆ.

ಮಾತಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಹೂಂ, ಹೂಂ ಎನ್ನುತ್ತೀಯ, ಪಕ್ಕದಲ್ಲಿ ಅವರಿರುತ್ತಾರೆ.

ಪಂಪನ್ನು ಬಾಯಿಗೆ ನೇರವಾಗಿ ಒತ್ತಿದರೆ ಅವಳಿಗೆ ಎಳೆದುಕೊಳ್ಳಲು ಬರುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯ ತಳ ಕೊರೆದು ಮಾಡಿದ ಕೊಳವೆಯನ್ನು ಅವಳ ಚೀಲದಲ್ಲಿಟ್ಟಿದ್ದೇನೆ, ಅದರ ಮೂಲಕ ಕೊಡು. ಬೆಳಿಗ್ಗೆ, ಸಂಜೆ, ಚೆನ್ನಾಗಿದ್ದರೂ ಕೊಡಬೇಕು. ಚೆನ್ನಾಗಿರುವುದೇ ಅದರಿಂದ. ಊಟಕ್ಕೆ ಅವಸರ ಮಾಡಬೇಡ. ಊದುಬತ್ತಿ ಹಚ್ಚಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅವಳು ಅತ್ತರೆ, ಕಿರುಚಿದರೆ, ಹೆದರಬೇಡ. ಸುಮ್ಮನಾದರೆ ಹೆದರು. ಉಸಿರು ಸಾಲದಾಗ ಅವಳು ಮಾತು ಬಿಟ್ಟುಬಿಡುತ್ತಾಳೆ. ಇರುವ ಉಸಿರನ್ನು ಎದೆಗೇ ಉಳಿಸಿಕೊಳ್ಳುತ್ತಾಳೆ. ಅದನ್ನು ಹಠ ಎಂದು ತಿಳಿಯಬೇಡ.

ನಿನ್ನ ಭಾವ ಮೂರು ದಿನದಿಂದ ಶೆಡ್ಡಿನಲ್ಲೇ ಮಲಗುತ್ತಿದ್ದಾರೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಬಂದಿವೆ ಎಂದು ನೆಪ. ನಾನು ಕೇಳಲು ಹೋಗಿಲ್ಲ.

ರತ್ನ


ಗುಲ್ಬರ್ಗಾ
ಜನವರಿ 8, 2007

ಅಕ್ಕನಿಗೆ,

ನಿನ್ನ ಮುದ್ದು ಅವಳನ್ನು ಹಾಳು ಮಾಡಿದೆ, ಹೇಳದೆ ವಿಧಿಯಿಲ್ಲ. ಬಂದ ಹೊಸದರಲ್ಲಿ ಅಳುತ್ತಿದ್ದಳು, ಸರಿ. ಈಗ ಮಾತೇ ಆಡುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಾಳೆ. ಕರೆದರೆ ತಿರುಗುವುದಿಲ್ಲ. ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುತ್ತಾಳೆ. ಇವರು ಗದರಿಸಿದರೆ ಸುಮ್ಮನೆ ಮುಖ ನೋಡುತ್ತಾಳೆ. "ನಿಮ್ಮಕ್ಕನಂಗೇ ಕಲ್ಲು" ಎನ್ನುತ್ತಾರೆ. ಸ್ಕೂಲಿನಲ್ಲಿ ಒಂದನೇ ಕ್ಲಾಸಿಗೆ ತೆಗೆದುಕೊಳ್ಳಲಿಲ್ಲ. ತಮ್ಮನ ಜೊತೆ ಎಲ್‌ಕೆಜಿಯಲ್ಲಿ ಕೂರಿಸಿದ್ದಾರೆ. ಅವನು ಇಂಗ್ಲಿಷ್ ಪದ್ಯ ಹೇಳುತ್ತಾನೆ, ಇವಳು ಗೋಡೆ ನೋಡುತ್ತಾಳೆ. ಕಚೇರಿಯವರು ಮನೆಗೆ ಬಂದರೆ ಇವರು ಅವಳನ್ನು ಒಳಗೆ ಕಳಿಸುತ್ತಾರೆ.

ಪಂಪು ನಿಲ್ಲಿಸಿದ್ದೇವೆ. ಅದು ಚಟವಾಗುತ್ತದೆ, ಹೆಣ್ಣು ಮಗುವಿಗೆ ಮುಂದೆ ಕಷ್ಟ ಎಂದು ಇವರ ಸ್ನೇಹಿತರೆಲ್ಲ ಹೇಳಿದರು. ನೀನು ಆಗ ನಿಲ್ಲಲೂ ಆಗದು ಎಂದು ಬರೆದಿದ್ದೆ, ನಾವು ಬಂದು ನೋಡಿದರೆ ಜಿಂಕೆಯ ಹಾಗೆ ಓಡುತ್ತಿದ್ದಳು. "ನಿಮ್ಮಕ್ಕ ಎಲ್ಲಾನೂ ದೊಡ್ಡದ್ ಮಾಡ್ತಾರೆ" ಎಂದು ಇವರು ಹೇಳುವುದರಲ್ಲಿ ತಪ್ಪೇನಿದೆ? ಈಗ ಸ್ವಲ್ಪ ಶೀತವಿದೆ, ಕಷಾಯ ಕೊಡುತ್ತಿದ್ದೇನೆ.

ಆದಿ


ದಿಬ್ಬೂರಹಳ್ಳಿ
ಜನವರಿ 13, 2007

ಪಂಪು ಕೊಡು. ಕಾಗದ ಓದುತ್ತಾ ನಿಲ್ಲಬೇಡ, ಮೊದಲು ಹೋಗಿ ಕೊಡು. ಕಷಾಯವಲ್ಲ, ಆಸ್ಪತ್ರೆ.

ನಿನ್ನ ಕಾಗದ ಈಗ ತಾನೇ ಬಂತು. ಫೋನ್ ಮಾಡಿದೆ. ನಿನ್ನ ಗಂಡ ಎತ್ತಿ, "ನಮ್ ಮಗು ನಮಗ್ ನೋಡ್ಕೊಳ್ಳೋಕ್ ಗೊತ್ತು" ಎಂದು ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಸಾದಿಕ್ ಪಾಷಾ ವ್ಯಾನ್ ತಂದಿದ್ದಾನೆ, ರೈಲಿಗೆ ಬಿಡುತ್ತಾನೆ. ಇದನ್ನು ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ. ನಾನೇ ಮೊದಲು ಬರುತ್ತೇನೋ, ಇದು ಬರುತ್ತದೋ.

ರತ್ನ


ಗುಲ್ಬರ್ಗಾ
ಮಾರ್ಚ್ 11, 2007

ಶ್ರೀಮತಿ ಮುನಿರತ್ನಮ್ಮನವರಿಗೆ,

ನೀವು ಬಂದದ್ದು ಒಳ್ಳೆಯದಾಯಿತು ಎಂದು ಎಲ್ಲರೂ ಹೇಳುತ್ತಾರೆ. ನೀವು ಬಾಗಿಲು ದೂಡಿಕೊಂಡು ಬಂದು ಅವಳ ನೀಲಿಯಾದ ಉಗುರು ನೋಡಿ, ಯಾರನ್ನೂ ಕೇಳದೆ ಎತ್ತಿಕೊಂಡು ಓಡಿದಿರಿ. ನಾನು ಚಪ್ಪಲಿ ಹುಡುಕುತ್ತಿದ್ದೆ. ಇನ್ನೊಂದು ಗಂಟೆ ತಡವಾಗಿದ್ದರೆ ಎಂದರು ಡಾಕ್ಟರು. ಮತ್ತೆ ಅದೇ ಯಂತ್ರ, ಗಂಟಲಲ್ಲಿ ಅದೇ ಕೊಳವೆ.

ಕೊಳವೆ ತೆಗೆದ ದಿನ ನರ್ಸು ಹೊರಗೆ ಬಂದು "ತಾಯಿ ಯಾರು?" ಎಂದು ಕೇಳಿದಳು. ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ನೀವು ಎದ್ದಿರಿ. ನಾನು ಏಳಲಿಲ್ಲ. ಒಳಗೆ ಅವಳು ಯಾರ ಕಡೆ ಕೈ ಚಾಚುತ್ತಾಳೆಂದು ನನಗೆ ಗೊತ್ತಿತ್ತು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಆಸ್ಪತ್ರೆಯಿಂದ ಹಾಗೇ ಊರಿಗೆ ಕರೆದುಕೊಂಡು ಹೋದಿರಿ. ಈಗ ನಾನು ಹೇಳುವುದನ್ನು ಕೇಳಿ. ನಿಮ್ಮ ಹಳೆಯ ಕಾಗದಗಳನ್ನು ತೆಗೆದು ಮತ್ತೆ ಓದಿದೆ. ಅವಳಿಗೆ ಎರಡು ವರ್ಷವಾಗಿದ್ದಾಗ ನಡೆಯುತ್ತಿದ್ದಳು. ನಡೆಯುವುದಿಲ್ಲ ಎಂದು ನೀವು ಬರೆದಿರಿ. ಕೋಳಿಯ ಹಿಂದೆ ಓಡುವ ಮಗುವನ್ನು ಗೋಡೆ ಹಿಡಿಸಿ ನಿಲ್ಲಿಸಿದಿರಿ. ಅವತ್ತು ನಿಜ ಬರೆದಿದ್ದರೆ ನನ್ನ ಮಗಳು ನನ್ನ ಹತ್ತಿರ ಬೆಳೆಯುತ್ತಿದ್ದಳು, ಅವಳ ಮೌನ ಏನೆಂದು ನನಗೂ ತಿಳಿದಿರುತ್ತಿತ್ತು. ಅಷ್ಟೇ ಅಲ್ಲ. ನೀವು ಒಮ್ಮೆ ಸುಳ್ಳು ಬರೆದದ್ದರಿಂದ ಆಮೇಲೆ ಬರೆದ ನಿಜವನ್ನೂ ನಾವು ನಂಬಲಿಲ್ಲ. ಪಂಪು ನಿಲ್ಲಿಸಿದ್ದು ನಾವು. ನಿಲ್ಲಿಸುವ ಹಾಗೆ ಮಾಡಿದ್ದು ನೀವು.

ಆದಿಲಕ್ಷ್ಮಿ ಉದಯಕುಮಾರ್


ದಿಬ್ಬೂರಹಳ್ಳಿ
ಏಪ್ರಿಲ್ 2, 2007

ಆದಿ,

ಬಹುವಚನ ಬೇಡ. ನಿನ್ನ ಜಡೆ ಹೆಣೆದವಳು ನಾನು.

ಅವಳು ಕೆಮ್ಮಿದಾಗಲೆಲ್ಲ ನಿನ್ನ ಕೊನೆಯ ಮಾತು ನನ್ನ ಕಿವಿಯಲ್ಲಿ ಕೇಳುತ್ತದೆ. ಆ ಸುಳ್ಳಿನ ಕಾಗದ ಅಂಚೆಗೆ ಹಾಕುವ ಮೊದಲು ನಿನ್ನ ಭಾವ ಓದಿ, "ಬ್ಯಾಡ ಕಣೇ ರತ್ನ, ಹೆತ್ತೋಳ ಹತ್ರ ಆಟ ಬ್ಯಾಡ" ಎಂದಿದ್ದರು. ನಾನೇ ನಡೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದೆ.

ಈಗ ನಿನ್ನದನ್ನು ಕೇಳು. ಗೋಡೆ ಹಿಡಿದು ನಿಲ್ಲುವ ಮಗು ಕೋಳಿ ಅಟ್ಟಿಸಿಕೊಂಡು ಹೋಯಿತು ಎಂದು ಒಂದೇ ಕಾಗದದಲ್ಲಿ ಬರೆದಿದ್ದೆ. ಸುಳ್ಳು ಬರೆದು ಅಭ್ಯಾಸವಿಲ್ಲದ ಕೈ. ಅದನ್ನು ಓದಿ ನೀವಿಬ್ಬರೂ ನಕ್ಕಿರಂತೆ. ನಕ್ಕಿರಿ, ಟಿಕೆಟ್ ರದ್ದು ಮಾಡಿಸಿದಿರಿ. ಹೆತ್ತ ತಾಯಿಗೆ ಅನುಮಾನ ಬರಲಿಲ್ಲವೇ? ಆಗ ನಿನ್ನ ಹೊಟ್ಟೆಯಲ್ಲಿ ಮಗನಿದ್ದ. ಒಂದು ಕೈಯಲ್ಲಿ ಬಾಣಂತನ, ಇನ್ನೊಂದು ಕೈಯಲ್ಲಿ ಗೂರಲು ಮಗು ಬೇಡವಾಗಿತ್ತು. ನನ್ನ ಸುಳ್ಳು ನಿನಗೆ ಅನುಕೂಲವಾಯಿತು, ನಂಬಿದೆ. ಆಮೇಲೆ ನಾಲ್ಕು ವರ್ಷ ಒಂದು ಸಲವೂ ರೈಲು ಹತ್ತಲಿಲ್ಲ. ಹತ್ತಿ ಬಂದಿದ್ದರೆ ಕಣ್ಣಾರೆ ನೋಡುತ್ತಿದ್ದೆ, ನಾನು ತಡೆಯಲು ಆಗುತ್ತಿರಲಿಲ್ಲ.

ಕರೆದುಕೊಂಡು ಹೋದೆ ಎನ್ನುತ್ತೀಯ. ರೈಲ್ವೆ ಸ್ಟೇಷನ್ನಿಗೆ ನಿನ್ನ ಗಂಡನೇ ಬಂದರು. ಚೀಲ ಹೊತ್ತರು, ಸೀಟು ಹುಡುಕಿ ಕೂರಿಸಿದರು, ನೀರಿನ ಬಾಟಲಿ ತಂದುಕೊಟ್ಟರು. ಆ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ನಿಮ್ಮ ಮದುವೆಯಲ್ಲೂ ಕಂಡಿರಲಿಲ್ಲ.

ಅವಳು ಈಗ ಓಡುವುದಿಲ್ಲ. ಮಲಗುವಾಗ ಮತ್ತೆ ಮೂಗಿಗೆ ನಳಿಕೆ. ಗೂಡಿನ ವ್ಯಾನಿನಲ್ಲಿ ಮತ್ತೆ ಸಿಲಿಂಡರ್ ಬರುತ್ತಿದೆ; ಈ ಸಲ ಸಾದಿಕ್ ಪಾಷಾ ನಗಿಸುವುದಿಲ್ಲ. ಬೆಳೆದ ಹಾಗೆ ಸರಿಹೋಗುತ್ತದೆ ಎಂಬ ಮಾತನ್ನು ಬೆಂಗಳೂರಿನ ಡಾಕ್ಟರು ಈಗ ಆಡುವುದಿಲ್ಲ. ಕಲಿತಿದ್ದ ನಾಲ್ಕು ಅಕ್ಷರವೂ ಹೋಗಿದೆ. ಜೂನ್‌ನಲ್ಲಿ ಮತ್ತೆ ಒಂದನೇ ಕ್ಲಾಸು.

ನಾವಿಬ್ಬರೂ ಅವಳು ಬೇಕು ಎಂದೇ ಎಲ್ಲವನ್ನೂ ಮಾಡಿದೆವು. ಇನ್ನು ಬರೆಯಬೇಡ.

ರತ್ನ


ಗುಲ್ಬರ್ಗಾ
ಜೂನ್ 7, 2009

ಚಿ. ಧನುಶ್ರೀಗೆ,

ಈ ಕಾಗದವನ್ನು ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತದೆ ಎಂದು ಆವಲಪ್ಪ ತಾತ ಹೇಳಿದರು. ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದು ಬರೆಯಲು ಬರುವುದಿಲ್ಲ.

ನಿನ್ನ ತಮ್ಮ ಒಂದನೇ ಕ್ಲಾಸಿಗೆ ಹೋಗುತ್ತಾನೆ. ಆಲ್ಬಂನಲ್ಲಿ ನಿನ್ನ ಫೋಟೋ ನೋಡಿ "ಈ ಅಕ್ಕ ಎಲ್ಲಿ?" ಎಂದು ಕೇಳುತ್ತಾನೆ.

ನೀನು ನಮ್ಮ ಮನೆಯಲ್ಲಿದ್ದದ್ದು ನಿನಗೆ ನೆನಪಿದೆಯಾ? ನನ್ನ ಮೇಲೆ ಕೋಪವಿದೆಯಾ? ನಿನ್ನನ್ನು ನೋಡಲು ನಾನು ಬರಬಹುದಾ? ಬೇಡ ಎಂದರೆ ಬೇಡ ಎಂದೇ ಬರೆ. ನಾನು ಬರೆದದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಇಂತಿ ನಿನ್ನ ಅಮ್ಮ,
ಆದಿಲಕ್ಷ್ಮಿ


ದಿಬ್ಬೂರಹಳ್ಳಿ, ಚಿಕ್ಕಬಳ್ಳಾಪುರ ಜಿಲ್ಲೆ
ಜೂನ್ 28, 2009

ಚಿಕ್ಕಮ್ಮನಿಗೆ ಧನುಶ್ರೀ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ಅಮ್ಮ ಅದನ್ನು ಒಡೆಯಲಿಲ್ಲ. "ನಿಂಗ್ ಬಂದಿರೋದು, ನೀನೇ ಓದ್ಕೋ" ಎಂದಳು. ನಾನು ನಿಧಾನವಾಗಿ ಓದುತ್ತೇನೆ. ಮೂರು ದಿನ ಓದಿದೆ. ತಿಳಿಯದ ಕಡೆ ಅಪ್ಪನನ್ನು ಕೇಳಿದೆ. ನೀವು ಕೊನೆಯಲ್ಲಿ ಅಮ್ಮ ಎಂದು ಬರೆದಿದ್ದೀರಿ. ಅಪ್ಪ ನನಗೆ ಎಲ್ಲಾ ಹೇಳಿದ್ದಾರೆ. ನಿಮ್ಮ ಹೊಟ್ಟೆಯಲ್ಲಿ ಇದ್ದದ್ದು ಗೊತ್ತು. ಆದರೆ ಕರೆಯುವುದಕ್ಕೆ ನನಗೆ ಚಿಕ್ಕಮ್ಮ ಎಂದೇ ಬರುತ್ತದೆ.

ನಾನು ಮೂರನೇ ಕ್ಲಾಸು. ಕ್ಲಾಸಿನಲ್ಲಿ ನಾನೇ ದೊಡ್ಡವಳು, ಆದರೆ ಎಲ್ಲರಿಗಿಂತ ಕುಳ್ಳಿ. ಆಟದ ಪೀರಿಯಡ್‌ನಲ್ಲಿ ಸೀಟಿ ಊದುವ ಕೆಲಸ ಕೊಟ್ಟಿದ್ದರು. ಊದಲು ಆಗಲಿಲ್ಲ. ಈಗ ಅಂಕ ಬರೆಯುತ್ತೇನೆ.

ನೆನಪಿದೆಯಾ ಎಂದು ಕೇಳಿದ್ದೀರಿ. ಇದೆ. ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಅಲ್ಲಿ ಗಾಳಿ ಬರುತ್ತಿತ್ತು. ನೀವು "ಬಾಯ್ಬಿಟ್ಟು ಮಾತಾಡೇ" ಎನ್ನುತ್ತಿದ್ದಿರಿ. ನನಗೆ ಮಾತು ಬರುತ್ತಿತ್ತು. ಉಸಿರು ಬರುತ್ತಿರಲಿಲ್ಲ. ಕೋಪ ಇದೆಯಾ ಎಂದು ಯೋಚಿಸಿದೆ. ಗೊತ್ತಾಗಲಿಲ್ಲ.

ನೀವು ಬರಬಹುದಾ ಎಂದು ಅಮ್ಮನನ್ನು ಕೇಳಿದೆ. ಅವಳು ಬಹಳ ಹೊತ್ತು ಸೊಪ್ಪು ಬಿಡಿಸುತ್ತಿದ್ದಳು. ಆಮೇಲೆ ನಿನ್ನ ಇಷ್ಟ ಎಂದಳು. ಬನ್ನಿ. ತಮ್ಮನನ್ನೂ ಕರೆದುಕೊಂಡು ಬನ್ನಿ. ಅವನಿಗೆ ಹುಳು ತೋರಿಸುತ್ತೇನೆ. ನಾನು ಶೆಡ್ ಒಳಗೆ ಹೋಗುವಂತಿಲ್ಲ, ಬಾಗಿಲಲ್ಲಿ ನಿಂತು ತೋರಿಸುತ್ತೇನೆ.

ಬೆಳಿಗ್ಗೆ ಬೇಗ ಬನ್ನಿ. ಸಾಯಂಕಾಲ ಐದಕ್ಕೆ ಶಿಡ್ಲಘಟ್ಟಕ್ಕೆ ಬಸ್ಸಿದೆ. ಅದು ತಪ್ಪಿದರೆ ನಿಮಗೆ ಬೇರೆ ಬಸ್ಸಿಲ್ಲ.

ಧನುಶ್ರೀ